ಸಕ್ಕರೆಗೊಂದು ಹಿಂಬಾಗಿಲು

ಶುಗರ್ ಇದ್ದವರಿಗೂ ಬಿಪಿ ಇದ್ದವರಿಗೂ "ದಿನಾ ವಾಕಿಂಗ್ ಮಾಡಿ" ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಎಂದು ಬಿಡಿಸಿ ಹೇಳುವವರು ಕಡಿಮೆ.

ರಕ್ತದಲ್ಲಿರುವ ಸಕ್ಕರೆ ಜೀವಕೋಶದ ಒಳಗೆ ಹೋಗಲು ಯಾರಾದರೂ ಬಾಗಿಲು ತೆರೆಸಬೇಕು. ಸಾಮಾನ್ಯವಾಗಿ ಅದು ಇನ್ಸುಲಿನ್ ಕೆಲಸ. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ಎಷ್ಟು ಬಡಿದರೂ ಕೋಶ ಸರಿಯಾಗಿ ಓಗೊಡುವುದಿಲ್ಲ. ಆದರೆ ಸ್ನಾಯುವಿಗೆ ಹಿಂಬಾಗಿಲೂ ಇದೆ. ನಡೆಯುವಾಗ ಗ್ಲುಟ್-4 ಎಂಬ ಪ್ರೋಟೀನ್‌ಗಳು ಕೋಶದ ಒಳಗಿಂದ ಹೊರಪೊರೆಗೆ ಬಂದು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಇನ್ಸುಲಿನ್ ಅಪ್ಪಣೆಗೆ ಕಾಯುವುದಿಲ್ಲ! ನಡಿಗೆ ಮುಗಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ಆಮೇಲೆ ಮತ್ತೆ ಹಳೇ ಚಾಳಿ. ವಾರಕ್ಕೊಮ್ಮೆ ಎರಡೂವರೆ ಗಂಟೆ ಬೆವರಿಳಿಸುವ ಬದಲು ಐದು ದಿನ ಅರ್ಧರ್ಧ ಗಂಟೆ ನಡೆಯಿರಿ ಅನ್ನುವುದು ಇದಕ್ಕೇ.

ಬಿಪಿಯ ಕತೆ ಇನ್ನೂ ಸರಳ. ನಡೆದ ಮೇಲೆ ರಕ್ತನಾಳಗಳು ಸಡಿಲವಾಗಿ, ಕೆಲವು ಗಂಟೆ ಒತ್ತಡ ಇಳಿದಿರುತ್ತದೆ. ರೂಢಿಯಾದರೆ ಬಿಪಿ ಜಾಸ್ತಿ ಇರುವವರಲ್ಲಿ ಮೇಲಿನ ಅಂಕಿ ಸುಮಾರು 5ರಿಂದ 8ರಷ್ಟು ತಗ್ಗುತ್ತದೆ. ಹಾಗಂತ ಮಾತ್ರೆಯನ್ನು ನಾವೇ ನಿಲ್ಲಿಸುವಂತಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಬೆಳಿಗ್ಗೆ ಎದ್ದು ಹೊರಡುವುದೇ ಕಷ್ಟ, ಅಲ್ವಾ? ಸುಮ್ನೆ ಕರಪತ್ರ ಹಂಚಿದರೆ ಯಾರೂ ಏಳುವುದಿಲ್ಲ. ಪರಿಚಯದವರು ಬಾಗಿಲಲ್ಲಿ ಕಾಯುತ್ತಿದ್ದರೆ ಏಳುತ್ತಾರೆ. ಪರಿಚಯದ ಜಾಗಕ್ಕೂ ಅಂಥದೇ ಬಲ ಇದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನಾಂಗದ ಗಂಡಸರ ಬಿಪಿ ಇಳಿಸಲು ಸಂಶೋಧಕರು ಹೋಗಿದ್ದು ಕ್ಷೌರದಂಗಡಿಗಳಿಗೆ. 2018ರಲ್ಲಿ ಫಲಿತಾಂಶ ಬಂತು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಬುದ್ಧಿಮಾತು ಹೇಳಿ, ಡಾಕ್ಟರ್ ಹತ್ತಿರ ಹೋಗಿ ಎಂದರು. ಆರು ತಿಂಗಳಲ್ಲಿ ಮೇಲಿನ ಅಂಕಿ ಸರಾಸರಿ 9ರಷ್ಟು ಇಳಿಯಿತು. ಉಳಿದ ಅಂಗಡಿಗಳಿಗೆ ಔಷಧ ತಜ್ಞರೇ ಬಂದು ಬಿಪಿ ನೋಡಿ, ಮಾತ್ರೆ ಬರೆದುಕೊಟ್ಟರು. ಅಲ್ಲಿ ಇಳಿದದ್ದು 27! ನನಗೆ ಹಿಡಿಸಿದ್ದು ಆ 9. ಬರೀ ಮಾತಿಗೆ, ಅದೂ ನಂಬಿಕೆಯ ಬಾಯಿಂದ ಬಂದ ಮಾತಿಗೆ, ಅಷ್ಟು ತೂಕ ಇದ್ದೀತು.

ಹೀಗೆ ಪರಿಚಯದವರನ್ನು ಸೇರಿಸಿ ನಡಿಗೆ ಗುಂಪು ಕಟ್ಟುವವರು ಒಂದು ವಿಷಯವನ್ನು ಮೊದಲ ದಿನವೇ ಹೇಳಿಕೊಡಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಕೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ, ತಲೆ ಮಂಕಾಗುತ್ತದೆ. ಕೂಡಲೇ ಕೂರಿಸಿ ಮೂರು ಟೀ ಚಮಚದಷ್ಟು ಸಕ್ಕರೆ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಶುಗರ್ ಇಳಿಸಲು ಹೊರಟವರ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರುವುದು ತಮಾಷೆಗಲ್ಲ.