ಚಂದ್ರನ ಕಲ್ಲು ನಮ್ಮ ಕಲ್ಲಿನ ಹಾಗೇ ಯಾಕಿದೆ?

ಹಾಸನ ಜಿಲ್ಲೆಯ ಗೊರೂರಿನ ಸುತ್ತ ಬೂದು-ಬಿಳಿ ಪಟ್ಟೆಯ ಬಂಡೆಗಳಿವೆ. ವಯಸ್ಸು ಸುಮಾರು 330 ಕೋಟಿ ವರ್ಷ. ಇಷ್ಟು ಹಳೆಯದಾದರೂ ಚಂದ್ರ ಹುಟ್ಟಿ ನೂರು ಕೋಟಿ ವರ್ಷ ಕಳೆದ ಮೇಲೆ ಬಂದ ಕಲ್ಲಿದು. ಅದಕ್ಕೂ ಹಿಂದಿನ ಭೂಮಿಯ ಕಲ್ಲು ಹೆಚ್ಚುಕಡಿಮೆ ಎಲ್ಲವೂ ಕರಗಿ, ಸವೆದು ಹೋಗಿದೆ. ಸಾಕ್ಷಿ ಬೇಕಿದ್ದರೆ ಚಂದ್ರನಲ್ಲೇ ಹುಡುಕಬೇಕು.

ಚಂದ್ರ ಭೂಮಿಯಿಂದಲೇ ಸಿಡಿದ ತುಂಡು ಎಂದು 1879ರ ಹೊತ್ತಿಗೆ ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್ ಹೇಳಿದ್ದರು. ಎಲ್ಲಿಂದಲೋ ಬಂದು ಸಿಕ್ಕಿಬಿದ್ದವನು ಅಂದವರೂ ಇದ್ದರು, ಜೊತೆಗೇ ಹುಟ್ಟಿದ ತಮ್ಮ ಅಂದವರೂ ಇದ್ದರು. ತೊಂಬತ್ತು ವರ್ಷ ಕೈಯಲ್ಲಿ ಒಂದು ಚೂರು ಕಲ್ಲಿಲ್ಲದೆ ವಾದ ನಡೆಯಿತು.

1969ರಿಂದ 1972ರವರೆಗೆ ಅಪೊಲೊ ಯಾತ್ರಿಗಳು 382 ಕೆಜಿ ಕಲ್ಲು-ಮಣ್ಣು ತಂದರು. ಮೊದಲ ಕಂತಿನಲ್ಲೇ ಪುಟ್ಟ ಬಿಳಿ ಚೂರುಗಳಿದ್ದವು: ಅನಾರ್ಥೊಸೈಟ್. ಕಾದ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ವಾ, ಹಾಗೆ ಕರಗಿದ ಕಲ್ಲಿನ ಕಡಲ ಮೇಲೆ ಹಗುರ ಹರಳು ತೇಲಿ ಗಟ್ಟಿಯಾದ ಪದರ. ಚಂದ್ರನಲ್ಲಿ ಕಬ್ಬಿಣ ಕಡಿಮೆ. ಪೊಟ್ಯಾಷಿಯಂ, ಸತುವಿನಂಥ ಬೇಗ ಆವಿಯಾಗುವ ಧಾತುಗಳೂ ಕಡಿಮೆ. ಮಂಗಳನಷ್ಟು ದೊಡ್ಡ ಥಿಯಾ ಎಂಬ ಗ್ರಹ ಭೂಮಿಗೆ ಗುದ್ದಿತು, ಅದರ ಕಬ್ಬಿಣ ಭೂಮಿಯೊಳಗೆ ಇಳಿಯಿತು, ಮೇಲಿನ ಕಲ್ಲು ಸಿಡಿದು ಚಂದ್ರನಾಯಿತು. 1975-76ರ ಈ ಊಹೆ ಇದಕ್ಕೆಲ್ಲ ಚೆನ್ನಾಗಿ ಹೊಂದಿತು. ಶಾಲೆಯಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ.

ತಕರಾರು ಎದ್ದಿದ್ದು ಕಲ್ಲಿನೊಳಗಿನ ಆಮ್ಲಜನಕದಿಂದ. ಒಂದೊಂದು ಬಾವಿಯ ನೀರಿಗೆ ಒಂದೊಂದು ರುಚಿ ಇದ್ದ ಹಾಗೆ, ಆಮ್ಲಜನಕದ ಮೂರು ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳ) ಪಾಲು ಗ್ರಹದಿಂದ ಗ್ರಹಕ್ಕೆ ಬೇರೆ. ಮಂಗಳನ ಕಲ್ಲಿಗೂ ನಮ್ಮ ಕಲ್ಲಿಗೂ ತಾಳೆ ಇಲ್ಲ. ಕಂಪ್ಯೂಟರ್ ಲೆಕ್ಕದ ಪ್ರಕಾರ ಚಂದ್ರನ ಬಹುಪಾಲು ಥಿಯಾದ್ದೇ ಆಗಿರಬೇಕಿತ್ತು. ಆದರೆ 2001ರಲ್ಲಿ ಜ್ಯೂರಿಚ್‌ನಲ್ಲಿ ಅಳೆದಾಗ ಚಂದ್ರನದೂ ಭೂಮಿಯದೂ ಒಂದೇ! 2014ರಲ್ಲಿ ಜರ್ಮನಿಯವರು ಹತ್ತು ಲಕ್ಷಕ್ಕೆ 12 ಭಾಗ ವ್ಯತ್ಯಾಸ ಕಂಡರು. 2016ರಲ್ಲಿ ಲಾಸ್ ಏಂಜಲೀಸ್‌ನವರು ಇಲ್ಲ ಎಂದರು. 2020ರಲ್ಲಿ ನ್ಯೂ ಮೆಕ್ಸಿಕೊ ತಂಡ ಬೇರೆಯದೇ ಮಾತು ಹೇಳಿತು: ವ್ಯತ್ಯಾಸ ಒಂದೊಂದು ಬಗೆಯ ಕಲ್ಲಿಗೆ ಒಂದೊಂದು ಥರ, ಸರಾಸರಿ ತೆಗೆದರೆ ಮುಚ್ಚಿಹೋಗುತ್ತದೆ.

ಗುದ್ದಿದ ರಭಸಕ್ಕೆ ಭೂಮಿ-ಥಿಯಾ ಎರಡರ ಕಲ್ಲುಗಳೂ ಆವಿಯಾಗಿ ಬೆರೆತವು ಎನ್ನುವುದು ಒಂದು ಸಮಜಾಯಿಷಿ. ಥಿಯಾ ನಮ್ಮ ಪಕ್ಕದಲ್ಲೇ, ಅದೇ ಸಾಮಗ್ರಿಯಿಂದ ಬೆಳೆದಿತ್ತು ಎನ್ನುವುದು ಇನ್ನೊಂದು. ಉತ್ತರ ಮೊದಲೇ ಇಟ್ಟುಕೊಂಡು ಗುದ್ದನ್ನು ಹೊಂದಿಸಿದ ಹಾಗೆ ಕಾಣುತ್ತದಪ್ಪ.

ಚಂದ್ರಯಾನ-3ರ ಪ್ರಜ್ಞಾನ್ ರೋವರ್ 23 ಕಡೆ ಮಣ್ಣು ಪರೀಕ್ಷಿಸಿತು, ದಕ್ಷಿಣ ಧ್ರುವದ ಕಡೆಗೂ ಅದೇ ಅನಾರ್ಥೊಸೈಟ್ ಕೆನೆ ಸಿಕ್ಕಿತು. ಆದರೆ ಅದು ಅಳೆದದ್ದು ಧಾತುಗಳನ್ನು, ಐಸೊಟೋಪ್‌ಗಳನ್ನಲ್ಲ. ಅದಕ್ಕೆ ಕಲ್ಲೇ ಲ್ಯಾಬಿಗೆ ಬರಬೇಕು. ಕಲ್ಲು ತರುವ ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ.