ಸಮಾಧಾನಪಡಿಸುವವರು: ಪದ ಮತ್ತು ಕೆಲಸ

ಅಳುವ ಮಗುವನ್ನು ಸಮಾಧಾನಪಡಿಸುತ್ತೇವೆ. ಸಾವಾದ ಮನೆಗೆ ಹೋಗಿ ನಾಲ್ಕು ಸಮಾಧಾನದ ಮಾತು ಆಡಿ ಬರುತ್ತೇವೆ. ಸಿಟ್ಟಿಗೆದ್ದವನಿಗೆ "ಸ್ವಲ್ಪ ಸಮಾಧಾನ ಮಾಡ್ಕೋ" ಅನ್ನುತ್ತೇವೆ. ಪ್ರಶ್ನೆಗೆ ಸಿಕ್ಕ ಉತ್ತರ ಒಪ್ಪಿಗೆಯಾಗದಿದ್ದರೆ "ಸಮಾಧಾನ ಆಗಲಿಲ್ಲ" ಎನ್ನುವುದೂ ಇದೇ ಮಾತಿನಿಂದ. ಇಷ್ಟು ಬಗೆಯಲ್ಲಿ ಓಡಾಡುವ ಪದವನ್ನೇ ಕನ್ನಡ ಸತ್ಯವೇದದ (ಬೈಬಲಿನ) ಅನುವಾದಕರು ಯೇಸುವಿನ ಮಾತೊಂದಕ್ಕೆ, ಮತ್ತಾಯನ ಸುವಾರ್ತೆಯ 5:9ಕ್ಕೆ, ಆರಿಸಿಕೊಂಡರು: ಸಮಾಧಾನಪಡಿಸುವವರು ಧನ್ಯರು, ಅವರು ದೇವರ ಮಕ್ಕಳೆನಿಸಿಕೊಳ್ಳುವರು. ಕಥೋಲಿಕರು ಓದುವ ಅನುವಾದದಲ್ಲಿ ಇದು "ಶಾಂತಿಗಾಗಿ ಶ್ರಮಿಸುವವರು" ಎಂದಾಗಿದೆ.

ಮೊದಲ ಅನುವಾದ ಕಿವಿಗೆ ಹಿತ, ಆದರೆ ಓದುಗರನ್ನು ದಾರಿ ತಪ್ಪಿಸುವುದೂ ಅದೇ. ಸಮಾಧಾನಪಡಿಸುವುದು ಎಂದೊಡನೆ ಬೆನ್ನು ಸವರಿ ಸುಮ್ಮನಾಗಿಸುವ ಚಿತ್ರ ಕಣ್ಣಿಗೆ ಬರುತ್ತದೆ. ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಜಗಳವೆದ್ದರೆ "ಹೋಗಲಿ ಬಿಡಿ, ದೊಡ್ಡದು ಮಾಡಬೇಡಿ" ಎನ್ನುವ ಹಿರಿಯರೇ ಸಮಾಧಾನಪಡಿಸುವವರು ಎಂದು ತಿಳಿದುಬಿಡುತ್ತೇವೆ. ಮೂಲ ಪದ ಅದನ್ನು ಹೇಳುವುದಿಲ್ಲ. ಗ್ರೀಕಿನಲ್ಲಿ ಅದು "ಐರೆನೊಪೊಯೊಸ್": "ಐರೇನೆ" ಎಂದರೆ ಶಾಂತಿ, "ಪೊಯೇಯೊ" ಎಂದರೆ ಮಾಡು, ಕಟ್ಟು, ಉಂಟುಮಾಡು. ಶಾಂತವಾಗಿರುವವರು ಅಲ್ಲ, ಶಾಂತಿ ಇಲ್ಲದ ಕಡೆ ಅದನ್ನು ಮಾಡುವವರು. ಹೊಸ ಒಡಂಬಡಿಕೆಯಲ್ಲಿ ಈ ನಾಮಪದ ಇದೊಂದೇ ಕಡೆ ಬರುತ್ತದೆ. ಅದರ ಕ್ರಿಯಾರೂಪ ಸಿಗುವುದು ಕೊಲೊಸ್ಸೆಯವರಿಗೆ 1:20ರಲ್ಲಿ. ಅಲ್ಲಿ ಶಾಂತಿ ಉಂಟಾಗುವುದು ಶಿಲುಬೆಯ ರಕ್ತದಿಂದ, ಅಂದರೆ ಮಾಡಿದವನೇ ಬೆಲೆ ತೆತ್ತು.

ಆ ಕಾಲಕ್ಕೆ ಶಾಂತಿ ಎಂಬುದು ರೋಮಿನ ಸರ್ಕಾರಿ ಮಾತೂ ಆಗಿತ್ತು. ಕ್ರಿ.ಪೂ. 9ರಲ್ಲಿ ರೋಮ್ ನಗರದಲ್ಲಿ ಅಗಸ್ಟಸ್ ಚಕ್ರವರ್ತಿಯ ಶಾಂತಿಯ ಹೆಸರಿನಲ್ಲೇ ಒಂದು ಬಲಿಪೀಠವನ್ನು ಪ್ರತಿಷ್ಠೆ ಮಾಡಿದರು. ಗೆದ್ದವರ ಕತ್ತಿಯ ಕೆಳಗೆ ಸೋತವರು ಉಸಿರೆತ್ತದಿರುವುದಕ್ಕೆ ಅಲ್ಲಿ ಶಾಂತಿ ಎಂದು ಹೆಸರು. ಯೇಸು ಗಲಿಲಾಯದ ಗುಡ್ಡದ ಮೇಲೆ ಈ ಮಾತಾಡಿದ್ದು ಅದೇ ಸಾಮ್ರಾಜ್ಯದ ನೆರಳಿನಲ್ಲಿ ಬದುಕುವ ಜನರಿಗೆ.

ಇದರ ಹಿಂದಿರುವ ಹೀಬ್ರೂ ಪದ "ಶಾಲೋಮ್" ಇನ್ನೂ ಗಟ್ಟಿ. ಅದರ ಧಾತುವಿಗೆ ಪೂರ್ತಿಯಾಗು, ಕೊರತೆ ಇಲ್ಲದಂತಾಗು ಎಂಬ ಅರ್ಥವಿದೆ. ಅದೇ ಧಾತುವಿನಿಂದ ನಷ್ಟ ತುಂಬಿಕೊಡು ಎಂಬ ಕ್ರಿಯಾಪದವೂ ಹುಟ್ಟುತ್ತದೆ. ವಿಮೋಚನಕಾಂಡ 22ನೇ ಅಧ್ಯಾಯದಲ್ಲಿ ಎತ್ತು ಕದ್ದು ಕೊಯ್ದವನು ಒಂದಕ್ಕೆ ಐದು, ಕುರಿ ಕದ್ದವನು ಒಂದಕ್ಕೆ ನಾಲ್ಕು ತುಂಬಿಕೊಡಬೇಕು ಎನ್ನುವಲ್ಲಿ ಬಳಸಿರುವುದು ಈ ಕ್ರಿಯಾಪದವನ್ನೇ. ಜನ ದೂರವಿಟ್ಟಿದ್ದ ಸುಂಕದ ಅಧಿಕಾರಿ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಮಾಡಿ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದದ್ದು ಈ ಲೆಕ್ಕದಲ್ಲಿ. ಆದ್ದರಿಂದ ತುಂಬಿಕೊಡುವ ಮಾತೇ ಬಾರದ ರಾಜಿಯನ್ನು ಬೈಬಲಿನ ಅರ್ಥದಲ್ಲಿ ಸಮಾಧಾನ ಎನ್ನಲಾಗದು. ಸಮಾಧಾನವಿಲ್ಲದ ಕಡೆ ಸಮಾಧಾನ, ಸಮಾಧಾನ ಎಂದು ಹೇಳಿ ಜನರ ಗಾಯವನ್ನು ಮೇಲೆಮೇಲೆ ವಾಸಿಮಾಡುವವರ ಮೇಲೆ ಪ್ರವಾದಿ ಯೆರೆಮೀಯ ಸಿಡಿದದ್ದೂ ಇದಕ್ಕೇ (6:14). ಕೀವು ತೆಗೆಯದೆ ಪಟ್ಟಿ ಕಟ್ಟಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು.

ಹಾಗಾದರೆ ಮಾಡುವುದು ಹೇಗೆ? ಇಬ್ಬರ ನಡುವಿನ ವಿಷಯಕ್ಕೆ ಮತ್ತಾಯ 18:15–17 ಕ್ರಮವನ್ನೇ ಕೊಡುತ್ತದೆ. ತಪ್ಪು ಮಾಡಿದವನ ಬಳಿಗೆ ಮೊದಲು ನೀನೊಬ್ಬನೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಅಲ್ಲಿಗೂ ಬಗ್ಗದಿದ್ದರೆ ಅವನು ನಿನಗೆ ಅನ್ಯನಂತೆ, ಸುಂಕದವನಂತೆ ಇರಲಿ. ಓದಲು ಸುಲಭ, ಆದರೆ ಬಹುತೇಕ ಸಭೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ವಿಷಯ ಮೊದಲು ವಾಟ್ಸ್ಆ್ಯಪ್ ಗುಂಪಿಗೆ ಬೀಳುತ್ತದೆ, ಆಮೇಲೆ ಕಮಿಟಿಗೆ ಹೋಗುತ್ತದೆ, ಸಂಬಂಧಪಟ್ಟವನ ಕಿವಿಗೆ ಕೊನೆಯಲ್ಲಿ ಬೀಳುತ್ತದೆ. ಅಷ್ಟರಲ್ಲಿ ಅವನಿಗೆ ತಪ್ಪೊಪ್ಪಿಕೊಳ್ಳಲು ಜಾಗವೇ ಉಳಿದಿರುವುದಿಲ್ಲ, ಮಾನ ಉಳಿಸಿಕೊಳ್ಳುವುದೊಂದೇ ದಾರಿ. ಒಬ್ಬನೇ ಹೋಗು ಎಂದಿರುವುದು ಎದುರಿನವನ ಮಾನ ಕಾಯಲಿಕ್ಕೆ.

ಎರಡನೇ ಹೆಜ್ಜೆಯಲ್ಲೂ ಎಡವುತ್ತೇವೆ. ಜೊತೆಗೆ ಬರುವ ಒಬ್ಬಿಬ್ಬರು ನಮ್ಮ ಪರ ವಕೀಲರಲ್ಲ. ಅವರು ಧರ್ಮೋಪದೇಶಕಾಂಡ 19:15ರ ಸಾಕ್ಷಿಗಳು, ನಾವು ಆಡಿದ ಮಾತು ತಪ್ಪಿದ್ದರೆ ಅದಕ್ಕೂ ಸಾಕ್ಷಿಗಳೇ. ಎದುರಿನವನೂ ನಂಬುವಂಥ ಒಬ್ಬರು ಅವರಲ್ಲಿ ಇರಲೇಬೇಕು. ಇನ್ನು ಸುಂಕದವನಂತೆ ಎಂಬ ಮಾತನ್ನು ಬಹಿಷ್ಕಾರದ ಪರವಾನಗಿ ಎಂದು ಓದುವವರು, ಸುಂಕದವರ ಮನೆಯಲ್ಲಿ ಊಟಕ್ಕೆ ಕೂತವನು ಯೇಸುವೇ ಎಂಬುದನ್ನು ನೆನೆಯಬೇಕು. ಈ ಮಾತು ಇರುವ ಸುವಾರ್ತೆಗೆ ಒಬ್ಬ ಸುಂಕದವನ ಹೆಸರೇ ಇದೆ. ಜೊತೆಗಾರಿಕೆ ಮೊದಲಿನಂತೆ ಇರಲಾರದು, ಆದರೆ ಬಾಗಿಲಿಗೆ ಬೀಗ ಹಾಕು ಎಂದು ಅಲ್ಲಿ ಹೇಳಿಲ್ಲ.

ಒಂದು ಕಡೆ ಈ ಕ್ರಮವನ್ನು ಬಳಸಲೇಬಾರದು. ಹೊಡೆತ ತಿನ್ನುವ ಹೆಂಡತಿಗೆ, ದೌರ್ಜನ್ಯಕ್ಕೆ ಸಿಕ್ಕ ಮಗುವಿಗೆ "ಮೊದಲು ಅವನ ಹತ್ತಿರ ನೀನೊಬ್ಬಳೇ ಹೋಗಿ ಮಾತಾಡು" ಎನ್ನುವುದು ಸಮಾಧಾನ ಅಲ್ಲ, ಅವರನ್ನು ಮತ್ತೆ ಅಪಾಯಕ್ಕೆ ದೂಡುವುದು. ಮತ್ತಾಯ 18ನೇ ಅಧ್ಯಾಯದಲ್ಲಿ ಈ ಕ್ರಮಕ್ಕಿಂತ ಮೊದಲೇ ಬರುವುದು ಚಿಕ್ಕವರಿಗೆ ಅಡ್ಡಿಯಾಗುವವರ ಮೇಲಿನ ಕಠಿಣ ಎಚ್ಚರಿಕೆ: ಅಂಥವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕಿದರೆ ಅವನಿಗೆ ಅದೇ ಮೇಲು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಸಭಾಪಾಲಕರಿಗೂ ಇದರಿಂದ ವಿನಾಯಿತಿ ಇಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181. ಮೊದಲು ಸುರಕ್ಷತೆ, ಆಮೇಲೆ ನ್ಯಾಯ. ಸಂಬಂಧ ಮತ್ತೆ ಕೂಡಬೇಕೋ ಬೇಡವೋ ಎಂಬುದು ನೊಂದವರ ತೀರ್ಮಾನ.

ರಾಜಕೀಯ ಒಡಕಿನಲ್ಲಿ ಈ ಕೆಲಸ ಹೇಗಿರುತ್ತದೆಂದು ನೋಡಲು ಉತ್ತರ ಐರ್ಲೆಂಡಿಗಿಂತ ಸ್ಪಷ್ಟವಾದ ಕನ್ನಡಿ ಸಿಗುವುದು ಕಷ್ಟ. ಬ್ರಿಟನ್ನಿನ ಜೊತೆ ಇರಬೇಕೆನ್ನುವವರು ಹೆಚ್ಚಾಗಿ ಪ್ರೊಟೆಸ್ಟೆಂಟರು, ಐರ್ಲೆಂಡಿಗೆ ಸೇರಬೇಕೆನ್ನುವವರು ಹೆಚ್ಚಾಗಿ ಕಥೋಲಿಕರು. ಎರಡೂ ಕಡೆ ಪ್ರಾರ್ಥನೆ ಹೋಗುತ್ತಿದ್ದದ್ದು ಒಬ್ಬನೇ ಕ್ರಿಸ್ತನಿಗೆ. 1960ರ ದಶಕದ ಕೊನೆಯಿಂದ ಮೂರು ದಶಕಗಳಲ್ಲಿ ಸುಮಾರು 3,500 ಜನ ಸತ್ತರು.

ಬೆಲ್‌ಫಾಸ್ಟಿನ ಕ್ಲೊನಾರ್ಡ್ ಮಠದ ಪಾದ್ರಿ ಅಲೆಕ್ ರೀಡ್, ಐಆರ್‌ಎ ಎಂಬ ಸಶಸ್ತ್ರ ಐರಿಷ್ ಸಂಘಟನೆಗೆ ಹತ್ತಿರವಾದ ಶಿನ್ ಫೇನ್ ಪಕ್ಷದ ಗೆರಿ ಆಡಮ್ಸ್ ಮತ್ತು ಐರ್ಲೆಂಡಿಗೆ ಸೇರಬೇಕೆಂದರೂ ಹಿಂಸೆಯನ್ನು ವಿರೋಧಿಸುತ್ತಿದ್ದ ರಾಜಕಾರಣಿ ಜಾನ್ ಹ್ಯೂಮ್ ನಡುವೆ ಗುಟ್ಟಾಗಿ ಮಾತು ಸಾಗಿಸುತ್ತಿದ್ದರು. ಅವರ ಪದ್ಧತಿ ಸರಳ: ಬಾಯಿಮಾತು ತಿರುಚಿಹೋಗುತ್ತದೆ, ಆದ್ದರಿಂದ ಎರಡೂ ಕಡೆಯವರು ತಮ್ಮ ನಿಲುವನ್ನು ಕಾಗದದಲ್ಲಿ ಬರೆದುಕೊಡಬೇಕು. 1988ರ ಮಾರ್ಚ್ 19ರಂದು ಒಂದು ಶವಯಾತ್ರೆಗೆ ಕಾರಿನಲ್ಲಿ ನುಗ್ಗಿಬಂದ ಇಬ್ಬರು ಬ್ರಿಟಿಷ್ ಸೈನಿಕರನ್ನು ಗುಂಪು ಎಳೆದು ಹೊಡೆಯಿತು. ರೀಡ್ ತಡೆಯಲು ಹೋದರು, ಅವರನ್ನೇ ಎಳೆದು ಹಾಕಿದರು. ಸೈನಿಕರನ್ನು ಗುಂಡಿಟ್ಟು ಕೊಂದ ಮೇಲೆ ರೀಡ್ ಓಡಿಹೋಗಿ ಬಾಯಿಗೆ ಬಾಯಿಟ್ಟು ಉಸಿರು ಕೊಡಲು ನೋಡಿದರು, ಅಂತ್ಯಸಂಸ್ಕಾರದ ಎಣ್ಣೆ ಹಚ್ಚಿದರು. ಹ್ಯೂಮ್‌ಗೆ ತಲುಪಿಸಬೇಕಿದ್ದ ಶಿನ್ ಫೇನ್ ಪತ್ರ ಆ ಹೊತ್ತು ಅವರ ಬಳಿಯೇ ಇತ್ತು. ಲಕೋಟೆಗೆ ರಕ್ತ ಅಂಟಿತ್ತು. ಅವರು ಲಕೋಟೆ ಬದಲಿಸಿ ಪತ್ರವನ್ನು ತಲುಪಿಸಿಯೇಬಿಟ್ಟರು. ಹತ್ತು ವರ್ಷದ ನಂತರ, 1998ರ ಏಪ್ರಿಲ್ 10ರ ಶುಭ ಶುಕ್ರವಾರ, ಒಪ್ಪಂದವಾಯಿತು. ಐಆರ್‌ಎ ಆಯುಧಗಳನ್ನು ನಿರುಪಯೋಗಿಗೊಳಿಸಿದ್ದಕ್ಕೆ 2005ರಲ್ಲಿ ಸಾಕ್ಷಿಯಾಗಿ ನಿಂತ ಇಬ್ಬರು ಪಾದ್ರಿಗಳಲ್ಲಿ ಒಬ್ಬರು ರೀಡ್, ಇನ್ನೊಬ್ಬರು ಮೆಥೊಡಿಸ್ಟ್ ಸಭೆಯ ಹೆರಾಲ್ಡ್ ಗುಡ್.

ಅದೇ ವರ್ಷ ಅಕ್ಟೋಬರಿನಲ್ಲಿ ಒಂದು ಪ್ರೆಸ್ಬಿಟೇರಿಯನ್ ಚರ್ಚಿನ ಸಭೆಯಲ್ಲಿ ಕೆಣಕುವ ಮಾತಿಗೆ ರೇಗಿದ ರೀಡ್, ಬ್ರಿಟನ್ ಪರದ ಯೂನಿಯನಿಸ್ಟರು ಕಥೋಲಿಕರನ್ನು ನಡೆಸಿಕೊಂಡ ಬಗೆಯನ್ನು ನಾಜಿಗಳಿಗೆ ಹೋಲಿಸಿಬಿಟ್ಟರು. ಆಮೇಲೆ ಕ್ಷಮೆ ಕೇಳಿದರು. ಈ ಘಟನೆಯನ್ನು ಮುಚ್ಚಿಟ್ಟು ರೀಡ್ ಬಗ್ಗೆ ಮಾತಾಡುವುದು ಸರಿಯಲ್ಲ. ಇಪ್ಪತ್ತು ವರ್ಷ ಎರಡೂ ಕಡೆಯ ನೋವನ್ನು ಹೊತ್ತವನ ಒಳಗೂ ತನ್ನ ಜನರ ನೋವು ಹಾಗೇ ಉಳಿದಿರುತ್ತದೆ. ಅದಕ್ಕೊಂದು ದಾರಿ ಮಾಡಿಕೊಡದಿದ್ದರೆ ಆಗಬಾರದ ಹೊತ್ತಿನಲ್ಲಿ ಹೊರಬೀಳುತ್ತದೆ.

ಕ್ಷಮೆಗೂ ಸಂಧಾನಕ್ಕೂ ಇರುವ ವ್ಯತ್ಯಾಸವನ್ನು ಅದೇ ನಾಡಿನ ಗಾರ್ಡನ್ ವಿಲ್ಸನ್ ಬದುಕು ತೋರಿಸುತ್ತದೆ. 1987ರ ನವೆಂಬರ್ 8ರಂದು ಎನಿಸ್ಕಿಲನ್ ಊರಿನಲ್ಲಿ ಐಆರ್‌ಎ ಇಟ್ಟ ಬಾಂಬ್ ಸಿಡಿದಾಗ ಅವರೂ ಮಗಳು ಮರೀಯೂ ಅವಶೇಷದ ಕೆಳಗೆ ಕೈ ಹಿಡಿದುಕೊಂಡೇ ಇದ್ದರು. ಮಗಳು ಉಳಿಯಲಿಲ್ಲ. ನನಗೆ ಯಾರ ಮೇಲೂ ದ್ವೇಷವಿಲ್ಲ ಎಂದು ಅವರು ಬಿಬಿಸಿಗೆ ಹೇಳಿದ್ದು ಲೋಕಕ್ಕೆಲ್ಲ ಕೇಳಿಸಿತು. 1993ರಲ್ಲಿ ಐಆರ್‌ಎ ಪ್ರತಿನಿಧಿಗಳನ್ನು ಭೇಟಿಯಾಗಿ ಹಿಂಸೆ ನಿಲ್ಲಿಸಿ ಎಂದು ಬೇಡಿಕೊಂಡರು, ಬರಿಗೈಯಲ್ಲಿ ಮರಳಿದರು. ಕ್ಷಮಿಸುವುದಕ್ಕೆ ಒಬ್ಬರು ಸಾಕು, ಸಂಧಾನಕ್ಕೆ ಇಬ್ಬರೂ ಬೇಕು. ಪೌಲ ರೋಮಾಪುರದವರಿಗೆ ಬರೆಯುವಾಗ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದಷ್ಟೇ ಹೇಳಿ ಬಿಡುವುದಿಲ್ಲ. ಸಾಧ್ಯವಾದರೆ, ನಿಮ್ಮಿಂದಾಗುವಷ್ಟು ಎಂಬ ಎರಡು ಷರತ್ತುಗಳನ್ನು ಸೇರಿಸುತ್ತಾನೆ (12:18). ವಿಲ್ಸನ್ ಮಾಡಿದರು, ನೀವೂ ಮಾಡಿ ಎಂದು ನೊಂದ ಬೇರೆಯವರ ಮೇಲೆ ಹೇರುವುದಂತೂ ಕ್ರೌರ್ಯ.

ನಮ್ಮ ದೇಶದಲ್ಲೂ ಇಂಥ ಯತ್ನ ನಡೆದಿದೆ. ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್ ಸಭೆಗಳ ಮುಂದಾಳತ್ವದಲ್ಲಿ 1964ರಲ್ಲಿ ರೂಪುಗೊಂಡ ಶಾಂತಿ ನಿಯೋಗದಲ್ಲಿ ಜಯಪ್ರಕಾಶ ನಾರಾಯಣ, ಆಗಿನ ಅಸ್ಸಾಂ ಮುಖ್ಯಮಂತ್ರಿ ಬಿ.ಪಿ. ಚಲಿಹಾ, ಪಾದ್ರಿ ಮೈಕೆಲ್ ಸ್ಕಾಟ್ ಇದ್ದರು. ಆ ಸೆಪ್ಟೆಂಬರ್ 6ರಿಂದ ಭಾರತ ಸರ್ಕಾರ ಮತ್ತು ನಾಗಾ ಬಂಡುಕೋರರ ನಡುವೆ ಕದನವಿರಾಮ ಜಾರಿಗೆ ಬಂತು. ನಿಯೋಗ 1966ರಲ್ಲಿ ಮುರಿದುಬಿತ್ತು.

ನಮ್ಮ ಸಭೆಗಳ ಒಡಕು ಇಷ್ಟು ದೊಡ್ಡದಲ್ಲ, ಆದರೆ ನಿಜವಾದದ್ದು: ಪಕ್ಷ, ಜಾತಿ, ಸಭಾ ಚುನಾವಣೆ, ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ದಶಕಗಳಿಂದ ಎಳೆದಾಡುತ್ತಿರುವ ಪೂಜೆಯ ಭಾಷೆಯ ಪ್ರಶ್ನೆ. ಇಂಥಲ್ಲಿ ಮೆನ್ನೊನೈಟ್ ಸಭೆಯ ಜಾನ್ ಪಾಲ್ ಲೆಡರಾಕ್ 1980ರ ದಶಕದ ನಿಕರಾಗುವಾ ಸಂಧಾನದ ಅನುಭವದಿಂದ ರೂಪಿಸಿದ ಅಭ್ಯಾಸವೊಂದು ಕೆಲಸಕ್ಕೆ ಬರುತ್ತದೆ. ಕೀರ್ತನೆ 85:10ರಲ್ಲಿ ಕೃಪೆ, ಸತ್ಯ, ನೀತಿ, ಸಮಾಧಾನ ಈ ನಾಲ್ಕೂ ಮನುಷ್ಯರಂತೆ ಒಂದನ್ನೊಂದು ಕೂಡಿಕೊಳ್ಳುತ್ತವೆ, ಮುದ್ದಿಡುತ್ತವೆ. ಸೇರಿದವರನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದರ ಪಾತ್ರ ಕೊಡಿ. ಈ ಜಗಳದಲ್ಲಿ "ಸತ್ಯ"ಕ್ಕೆ ಏನು ಬೇಕು? "ಕೃಪೆ"ಗೆ ಯಾವುದರ ಭಯ? ಪ್ರತಿ ಗುಂಪು ಇಪ್ಪತ್ತು ನಿಮಿಷ ಚರ್ಚಿಸಿ, ಆ ಪಾತ್ರವಾಗಿಯೇ ಐದು ನಿಮಿಷ ಮಾತಾಡಲಿ. ನ್ಯಾಯ ಬೇಕೆಂದು ಗುಡುಗುವವರನ್ನು ಕೃಪೆಯ ಗುಂಪಿಗೆ, ಹೋಗಲಿ ಬಿಡಿ ಎನ್ನುವವರನ್ನು ಸತ್ಯದ ಗುಂಪಿಗೆ ಹಾಕುವುದರಲ್ಲೇ ಇದರ ಗುಟ್ಟಿದೆ. ಇಪ್ಪತ್ತೈದು ಜನ ಮೀರಿದರೆ ಇದು ಭಾಷಣವಾಗಿಬಿಡುತ್ತದೆ. ಚುನಾವಣೆಯ ವಾರದಲ್ಲಿ ಮಾಡಬೇಡಿ, ಆಗ ಯಾರ ಕಿವಿಯೂ ತೆರೆದಿರುವುದಿಲ್ಲ.

ಮನೆಯ ಮಟ್ಟಕ್ಕೆ ಇನ್ನೂ ಚಿಕ್ಕ ನಿಯಮ ಸಾಕು: ದೊಡ್ಡಪ್ಪ ಫಾರ್ವರ್ಡ್ ಮಾಡಿದ ಸಂದೇಶಕ್ಕೆ ಗುಂಪಿನಲ್ಲಿ ಉತ್ತರ ಕೊಡಬೇಡಿ, ಒಂದು ರಾತ್ರಿ ಕಳೆಯಲಿ, ಮರುದಿನ ಫೋನ್ ಮಾಡಿ. ಅವರ ವಾದವನ್ನು ನಿಮ್ಮ ಮಾತಿನಲ್ಲಿ ಹೇಳಿ, ಅವರು "ಹೌದು, ನಾನು ಹೇಳಿದ್ದು ಅದನ್ನೇ" ಎನ್ನುವವರೆಗೆ ನಿಮ್ಮದನ್ನು ಶುರುಮಾಡಬೇಡಿ. ಸುಳ್ಳು ಸುದ್ದಿಯನ್ನು ಸುಳ್ಳೆಂದು ಹೇಳಲೇಬೇಕು. ಅದನ್ನು ನುಂಗಿಕೊಂಡರೆ ಯೆರೆಮೀಯ ಬೈದವರ ಸಾಲಿಗೇ ಸೇರುತ್ತೇವೆ. ಯೇಸುವಿನ ಹನ್ನೆರಡು ಮಂದಿಯಲ್ಲಿ ಸುಂಕದ ಕಟ್ಟೆಯಿಂದ ಎದ್ದುಬಂದ ಮತ್ತಾಯನೂ ಮತಾಭಿಮಾನಿ ಎನಿಸಿಕೊಂಡ ಸೀಮೋನನೂ, ಎದುರುಬದುರು ನಿಲ್ಲಬೇಕಾದವರು, ಒಂದೇ ಪಂಕ್ತಿಯಲ್ಲಿ ಉಂಡವರು.

ಈ ಕೆಲಸ ಮಾಡುವವರೇ ಕುಸಿದಾಗ? ಎಲೀಯನನ್ನು ನೋಡಿ (1 ಅರಸುಗಳು 19). ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. ಪ್ರಶ್ನೆ ಬಂದದ್ದು ನಲವತ್ತು ದಿನದ ನಂತರ. ಸಿಟ್ಟಿಗೂ ದುಃಖಕ್ಕೂ ದಾರಿ ಬೇಕೆಂದರೆ 13ನೇ ಕೀರ್ತನೆಯ ಅಚ್ಚು ಇದೆ, ಬರೀ ಆರು ವಚನ: ಮೊದಲ ಎರಡರಲ್ಲಿ ನಾಲ್ಕು ಸಲ "ಎಷ್ಟರವರೆಗೆ?", ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಗೆ ಭರವಸೆ. ಅದೇ ಕ್ರಮದಲ್ಲಿ ನಿಮ್ಮದನ್ನು ಬರೆದುಕೊಳ್ಳಿ. ಭರವಸೆಯ ಸಾಲು ಬಾರದಿದ್ದರೆ ಬಲವಂತ ಮಾಡಬೇಡಿ, 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕು ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಭಾನುವಾರದ ಆರಾಧನೆಯಲ್ಲೂ ಈ ಪದಕ್ಕೆ ಒಂದು ಜಾಗವಿದೆ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ 1950ರಲ್ಲಿ ತಂದ ಕರ್ತನ ಭೋಜನದ ಕ್ರಮದಲ್ಲಿ, ಕೇರಳದ ಸಿರಿಯನ್ ಕ್ರೈಸ್ತ ಸಂಪ್ರದಾಯದಿಂದ ಕಲಿತು, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಇಟ್ಟರು: ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ, ಇಬ್ಬರ ಎಡಗೈಯೂ ಎದುರಿನವರ ಬಲಗೈ ಮೇಲೆ. ಕಾಣಿಕೆಗೆ ಮುಂಚೆ ಇದು ಬರುವುದು ಸುಮ್ಮನೆ ಅಲ್ಲ. ಬಲಿಪೀಠದ ಮುಂದೆ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬುದು ಮತ್ತಾಯ 5:23–24ರ ಮಾತು. ಅದನ್ನು ಕೇಳುತ್ತಿದ್ದವರು ಗಲಿಲಾಯದವರು. ಬಲಿಪೀಠ ಇದ್ದದ್ದು ಯೆರೂಸಲೇಮಿನಲ್ಲಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ, ದಿನಗಟ್ಟಲೆಯ ನಡಿಗೆ. ಕಾಣಿಕೆ ಬಿಟ್ಟು ಊರಿಗೆ ನಡೆದು, ಒಂದಾಗಿ, ಮತ್ತೆ ಅಷ್ಟೇ ದೂರ ನಡೆದು ಬಾ ಎಂದು ಅವರಿಗೆ ಹೇಳಿದ್ದು.