ಹೈಡ್ರೈಡ್ ಇಲ್ಲ ಎನ್ನುವ ಮೊದಲು

ಲೋಹಕ್ಕೆ ನೇರವಾಗಿ ಅಂಟಿದ ಹೈಡ್ರೋಜನ್ ಎಂದರೆ ಹೈಡ್ರೈಡ್. ಅದನ್ನು ಹುಡುಕುವಾಗ ಮೊದಲ ತೊಡಕು ತೇವ. ಮಳೆಗಾಲ ಹಿಡಿದರೆ ಮಲೆನಾಡಿನ ಪ್ರಯೋಗಾಲಯಗಳಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಪುಡಿ ಬಾಟಲಿಯೊಳಗೇ ಗಂಟು ಕಟ್ಟುತ್ತದೆ. ಅದರಲ್ಲೇ ಮಾದರಿ ಬೆರೆಸಿ ಪೆಲೆಟ್ (ಬಿಲ್ಲೆ) ಒತ್ತಿ ಐಆರ್ (ಅವಕೆಂಪು ರೋಹಿತ) ತೆಗೆದರೆ 3400 ಮತ್ತು 1640 ಸೆಂ.ಮೀ⁻¹ ಸುತ್ತ ನೀರಿನ ಅಗಲ ಪಟ್ಟಿಗಳು ಬರುತ್ತವೆ. ಲೋಹ–ಹೈಡ್ರೋಜನ್ ಬಂಧದ ಪಟ್ಟಿ ಬೀಳುವುದು 1600ರಿಂದ 2200ರ ನಡುವೆ, ಅದೂ ಸಾಮಾನ್ಯವಾಗಿ ಸಣ್ಣದು. ಹಾಗಾಗಿ ಪುಡಿಯನ್ನು ರಾತ್ರಿಯಿಡೀ 110 ಡಿಗ್ರಿಯಲ್ಲಿ ಒಣಗಿಸಿ, ಇಲ್ಲವೇ ಮಾದರಿಯನ್ನು ನುಜಾಲ್ ಎಂಬ ಖನಿಜ ತೈಲದಲ್ಲಿ ಅರೆಯಿರಿ. ಪುಡಿಯನ್ನು ನೇರ ವಜ್ರದ ಮೇಲಿಟ್ಟು ಅಳೆಯುವ ಎಟಿಆರ್ ಇದೆಯಲ್ಲ ಎನ್ನಬೇಡಿ, 2000ದ ಆಸುಪಾಸಿನಲ್ಲಿ ವಜ್ರವೇ ಬೆಳಕು ಹೀರುತ್ತದೆ.

ಎಂಎಸ್ಸಿ ಪ್ರಾಜೆಕ್ಟ್‌ಗಳಿಗೆ ಒಗ್ಗುವ ಒಂದು ಸಂಯುಕ್ತವನ್ನೇ ನೋಡೋಣ. ರುಥೇನಿಯಂ ಸುತ್ತ ಒಂದು ಹೈಡ್ರೈಡ್, ಒಂದು ಕ್ಲೋರೈಡ್, ಒಂದು ಕಾರ್ಬೊನಿಲ್ (CO), ರಂಜಕದ ಮೂಲಕ ಲೋಹಕ್ಕೆ ಅಂಟುವ ಮೂರು ಟ್ರೈಫಿನೈಲ್‌ಫಾಸ್ಫೀನ್: ಅಷ್ಟಮುಖಿ ರಚನೆ. ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ನ್ಯೂಕ್ಲಿಯಸ್‌ಗಳ ಸಂಕೇತ ಓದುವ ವಿಧಾನ) ಇದರ ಹೈಡ್ರೈಡ್ −6.6 ಪಿಪಿಎಂ ಹತ್ತಿರ ಕಾಣಿಸುತ್ತದೆ. ಯಂತ್ರದ ರೂಢಿಯ ಕಿಟಕಿ ಬಹುತೇಕ −4ಕ್ಕೇ ಮುಗಿಯುತ್ತದೆ. ಅದರಾಚೆಯದನ್ನು ಡಿಜಿಟಲ್ ಫಿಲ್ಟರ್ ಕತ್ತರಿಸಿಬಿಡುತ್ತದೆ. "ಹೈಡ್ರೈಡ್ ಬರಲೇ ಇಲ್ಲ ಸರ್" ಎಂಬ ದೂರಿನ ಹಿಂದೆ ಎಷ್ಟೋ ಸಲ ಇಷ್ಟೇ ಇರುತ್ತದೆ. ಶಿವಮೊಗ್ಗದಿಂದ ಮಾದರಿ ಹೊರಗೆ ಕಳಿಸುವವರು ಚೀಟಿಯಲ್ಲೇ ಬರೆಯಿರಿ: +15ರಿಂದ −30ರವರೆಗೆ. ದ್ರಾವಣ ಮಾಡಿ ಕಳಿಸಬೇಡಿ. ಡ್ಯೂಟರೋ (ಹೈಡ್ರೋಜನ್ ಬದಲು ಅದರ ಭಾರ ರೂಪವಾದ ಡ್ಯೂಟೀರಿಯಂ ಇರುವ) ಕ್ಲೋರೋಫಾರ್ಮ್‌ನಲ್ಲಿ ನಿಂತಷ್ಟೂ ಹೈಡ್ರೈಡ್ ಹೋಗಿ ಕ್ಲೋರೈಡ್ ಬರುವ ಅಪಾಯ ಹೆಚ್ಚು. ಒಣ ಪುಡಿ ಕಳಿಸಿ, ಅಲ್ಲೇ 0.6 ಮಿ.ಲೀ. ಡ್ಯೂಟರೋ ಬೆಂಜೀನ್‌ನಲ್ಲಿ ಕರಗಿಸಲಿ.

ಸಿಕ್ಕ ಸಂಕೇತ ಆರು ಗೆರೆಗಳಾಗಿ ಒಡೆದಿರುತ್ತದೆ. ಸುಮಾರು 105 ಹರ್ಟ್ಸ್ ಅಂತರ ಎದುರುಬದಿಯ ರಂಜಕದಿಂದ, 24 ಹರ್ಟ್ಸ್ ಪಕ್ಕದ ಎರಡು ರಂಜಕಗಳಿಂದ. ಆ ದೊಡ್ಡ ಅಂಕಿ ಇಲ್ಲದೆ ಎಲ್ಲವೂ 30ರೊಳಗೇ ಇದ್ದರೆ ಹೈಡ್ರೈಡ್‌ಗೆ ಎದುರಾಗಿ ಫಾಸ್ಫೀನ್ ಇಲ್ಲ ಎಂದರ್ಥ.

ಋಣ ಪಿಪಿಎಂ ಕಂಡ ಕೂಡಲೇ ಹೈಡ್ರೋಜನ್ ಮೇಲೆ ಋಣ ವಿದ್ಯುದಂಶ ಇದೆ ಎಂದು ಬರೆಯುವುದು ಉತ್ತರಪತ್ರಿಕೆಗಳ ಹಳೆಯ ರೋಗ. ಆ ಸ್ಥಾನಪಲ್ಲಟಕ್ಕೆ ಮುಖ್ಯ ಕಾರಣ ಲೋಹದ ಭಾಗಶಃ ತುಂಬಿದ ಡಿ ಕಕ್ಷಕಗಳು. ಕೋಬಾಲ್ಟ್ ಟೆಟ್ರಾಕಾರ್ಬೊನಿಲ್ ಹೈಡ್ರೈಡ್‌ನದು −10ರ ಸುಮಾರು, ಆದರೂ ನೀರಿನಲ್ಲಿ ಅದು ಪ್ರಬಲ ಆಮ್ಲ! ಡಿ ಎಲೆಕ್ಟ್ರಾನೇ ಇಲ್ಲದ ಜಿರ್ಕೋನಿಯಂ ಹೈಡ್ರೈಡ್‌ಗಳು ಪ್ಲಸ್ ಕಡೆಯೇ ಕೂರುತ್ತವೆ.

ಐಆರ್‌ನಲ್ಲಿ ಕಾರ್ಬೊನಿಲ್ ಪಟ್ಟಿಯೂ ಅದೇ ಜಾಗದಲ್ಲಿದ್ದು ಗೊಂದಲವಾದರೆ ಹೈಡ್ರೋಜನ್ ಬದಲು ಡ್ಯೂಟೀರಿಯಂ ಸೇರಿಸಿ. 2000ದ ಪಟ್ಟಿ 1430ರ ಹತ್ತಿರಕ್ಕೆ ಇಳಿದರೆ ಅದು ಲೋಹ–ಹೈಡ್ರೋಜನ್, ಕದಲದಿದ್ದರೆ ಕಾರ್ಬೊನಿಲ್.

ಎರಡು ಹೈಡ್ರೋಜನ್ ಇದ್ದಾಗ ಇನ್ನೊಂದು ತಕರಾರು: ಬಿಡಿ ಹೈಡ್ರೈಡ್‌ಗಳೋ, ಇಡೀ ಹೈಡ್ರೋಜನ್ ಅಣುವೇ ಅಂಟಿದೆಯೋ? ರಸಾಯನವಿಜ್ಞಾನಿ ಕುಬಾಸ್ 1984ರಲ್ಲಿ ವರದಿ ಮಾಡಿದ ಟಂಗ್‌ಸ್ಟನ್ ಸಂಯುಕ್ತದಲ್ಲಿ ಅಣು ಹಾಗೇ ಉಳಿದಿದೆ. ಹೈಡ್ರೋಜನ್‌ಗಳ ಅಂತರ 0.82 ಆಂಗ್‌ಸ್ಟ್ರಾಮ್, ಬಿಡಿ ಅಣುವಿನಲ್ಲಿ 0.74. ಲೋಹ ತನ್ನ ಡಿ ಎಲೆಕ್ಟ್ರಾನ್‌ಗಳನ್ನು ಅಣುವಿನ ಬಂಧವಿರೋಧಿ ಕಕ್ಷಕಕ್ಕೆ ಸುರಿದಷ್ಟೂ ಈ ಬಂಧ ಸಡಿಲವಾಗಿ ಕೊನೆಗೆ ಮುರಿಯುತ್ತದೆ. ಪರೀಕ್ಷಿಸಲು ಎಚ್‌ಡಿ ಅನಿಲ (ಒಂದು ಹೈಡ್ರೋಜನ್, ಒಂದು ಡ್ಯೂಟೀರಿಯಂ) ಬಳಸಿ ಎನ್‌ಎಂಆರ್ ಗೆರೆಗಳ ಒಡಕು ಅಳೆಯಿರಿ: ಈ ಟಂಗ್‌ಸ್ಟನ್ ಸಂಯುಕ್ತ ಸುಮಾರು 34 ಹರ್ಟ್ಸ್ ಕೊಡುತ್ತದೆ, ಮುರಿದ ಜೋಡಿ ಒಂದೆರಡು ಹರ್ಟ್ಸ್ ಕೊಟ್ಟರೆ ಹೆಚ್ಚು.

ಇನ್ನು ಹರಳಿನ ರಚನೆ ನೋಡುವ ಎಕ್ಸ್‌ರೇ. 44 ಎಲೆಕ್ಟ್ರಾನ್‌ಗಳ ರುಥೇನಿಯಂ ಪಕ್ಕದಲ್ಲಿ ಒಂದೇ ಎಲೆಕ್ಟ್ರಾನ್‌ನ ಹೈಡ್ರೋಜನ್ ಎಂದರೆ ಪೆಟ್ರೋಮ್ಯಾಕ್ಸ್ ಪಕ್ಕದ ಮಿಂಚುಹುಳ. ಕಂಡರೂ ಬಂಧದ ಉದ್ದ ಸುಮಾರು 0.1 ಆಂಗ್‌ಸ್ಟ್ರಾಮ್ ಕಡಿಮೆ ಬರುತ್ತದೆ. ನಿಖರ ಅಳತೆಗೆ ನ್ಯೂಟ್ರಾನ್ ಬೇಕು, ಅದಕ್ಕೆ ಮಿಲಿಮೀಟರ್ ಗಾತ್ರದ ಹರಳು ಬೇಕು. ಅಷ್ಟು ದೊಡ್ಡದು ಬೆಳೆಯದಿದ್ದರೆ ಮೂರು ರುಥೇನಿಯಂ–ರಂಜಕ ಅಂತರಗಳನ್ನು ಹೋಲಿಸಿ. ಉಳಿದೆರಡಕ್ಕಿಂತ ಉದ್ದವಾದದ್ದು ಯಾವುದೋ, ಅದರ ಎದುರಿನ ಖಾಲಿ ಜಾಗದಲ್ಲೇ ಹೈಡ್ರೈಡ್ ಇದೆ.